ಕಲಬುರಗಿ ಪಾಲಿಕೆಯ ಸ್ಥಾಯಿ ಸಮಿತಿ ಅಧ್ಯಕ್ಷರನ್ನು ಮೇಯರ್ ನೇಮಿಸುತ್ತಾರಾ?

ಇಲ್ಲ. ಸಮಿತಿಯ ಸದಸ್ಯರೇ ತಮ್ಮಲ್ಲಿ ಒಬ್ಬರನ್ನು ಆರಿಸುತ್ತಾರೆ. 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆಯ ಪ್ರಕಾರ ಮೊದಲು ಪಾಲಿಕೆ ಸಭೆ ಪ್ರತಿ ಸಮಿತಿಗೂ ಸದಸ್ಯರನ್ನು ಚುನಾಯಿಸುತ್ತದೆ. ಆಮೇಲೆ ಅವರು ಅಧ್ಯಕ್ಷರನ್ನು ಆರಿಸುತ್ತಾರೆ. ತೆರಿಗೆ-ಹಣಕಾಸು, ಆರೋಗ್ಯ-ಶಿಕ್ಷಣ, ನಗರ ಯೋಜನೆ, ಲೆಕ್ಕಪತ್ರ ಅಂತ ಸಮಿತಿಗಳು ನಾಲ್ಕು.

ಸಮಿತಿ ಯಾಕೆ ಬೇಕು? 55 ವಾರ್ಡಿನವರು ಒಟ್ಟಿಗೆ ಕೂತು ಎಲ್ಲ ಕಡತ ನೋಡೋದು ಆಗದ ಮಾತು, ಅಲ್ವಾ? ಸಣ್ಣ ಗುಂಪು ಮೊದಲು ಪರಿಶೀಲಿಸಿದರೆ ಸಭೆಯ ಕೆಲಸ ಹಗುರ.

2021ರ ಚುನಾವಣೆಯಲ್ಲಿ ಇಲ್ಲಿ ಯಾವ ಪಕ್ಷಕ್ಕೂ ಬಹುಮತ ಬರಲಿಲ್ಲ. ಅಂಥ ಕಡೆ ಈ ಕುರ್ಚಿಗಳಿಗೆ ಚೌಕಾಸಿ ಜಾಸ್ತಿ. ಹಾಗಂತ ಅಧ್ಯಕ್ಷರು ಸಚಿವರಿದ್ದಂತೆ ಅಂದುಕೊಳ್ಳಬೇಡಿ. ಆಡಳಿತ ನಡೆಸುವ ಅಧಿಕಾರ ಸರ್ಕಾರ ನೇಮಿಸಿದ ಆಯುಕ್ತರದ್ದು. ಚರಂಡಿ ಕಟ್ಟಿಕೊಂಡರೆ ಅರ್ಜಿ ಅವರ ಕಚೇರಿಗೇ ಕೊಡಿ.