ವಿಷಕಾರಿ ತ್ಯಾಜ್ಯದ ಕೇಸಿನಲ್ಲಿ ಅಮೆರಿಕ ಸರ್ಕಾರ ತನ್ನ ವಕೀಲರ ಖರ್ಚನ್ನೂ ತಪ್ಪಿತಸ್ಥರಿಂದ ವಸೂಲಿ ಮಾಡಬಹುದೇ?

ಮಾಡಬಹುದು. ಅಮೆರಿಕದ ಕೋರ್ಟುಗಳಲ್ಲಿ ಸಾಮಾನ್ಯವಾಗಿ ಗೆದ್ದವರೂ ತಮ್ಮ ವಕೀಲರ ಫೀಜು ತಾವೇ ಕಟ್ಟಿಕೊಳ್ಳಬೇಕು. ಕಾಯ್ದೆಯೇ ಬೇರೆ ಹೇಳಿದ್ದರೆ ಮಾತು ಬೇರೆ. ವಿಷಕಾರಿ ತ್ಯಾಜ್ಯ ಬಿದ್ದ ಜಾಗಗಳ ಶುದ್ಧೀಕರಣಕ್ಕೆಂದು ಮಾಡಿದ 1980ರ ಸೂಪರ್‌ಫಂಡ್ ಕಾಯ್ದೆಯ 107ನೇ ಸೆಕ್ಷನ್, ಜಾಗ ಶುದ್ಧಗೊಳಿಸಲು ಸರ್ಕಾರ ಮಾಡಿದ ‘ಎಲ್ಲ ವೆಚ್ಚ’ವನ್ನೂ ಹೊಣೆಗಾರರ ಮೇಲೆ ಹಾಕುತ್ತದೆ. 1986ರ ತಿದ್ದುಪಡಿ ಅದಕ್ಕೆ ಸಂಬಂಧಿಸಿದ ಕಾನೂನು ಜಾರಿಯ ಕೆಲಸವನ್ನೂ (ಅಂದರೆ ಹೊಣೆಗಾರರ ಮೇಲೆ ಕೇಸು ನಡೆಸುವಂಥದ್ದನ್ನೂ) ಶುದ್ಧೀಕರಣ ಕ್ರಮದ ವ್ಯಾಖ್ಯೆಯೊಳಗೆ ಸೇರಿಸಿತು. ಸರ್ಕಾರದ ಹಕ್ಕು ನಿಂತಿರುವುದು ಇದರ ಮೇಲೆಯೇ.

ಗೊಂದಲ ಹುಟ್ಟುವುದು 1994ರ ಕೀ ಟ್ರಾನಿಕ್ ತೀರ್ಪಿನಿಂದ. ಶುದ್ಧೀಕರಣಕ್ಕೆ ಹಣ ಹಾಕಿದ ಖಾಸಗಿ ಕಂಪನಿಗೆ ಮೊಕದ್ದಮೆಯ ವಕೀಲರ ಫೀಜು ಸಿಗದು ಎಂದು ಸುಪ್ರೀಂ ಕೋರ್ಟ್ ಹೇಳಿತು. ಇತರ ಹೊಣೆಗಾರರನ್ನು ಪತ್ತೆಹಚ್ಚಿದ ಕೆಲಸದ ಖರ್ಚಿಗೆ ಮಾತ್ರ ಒಪ್ಪಿತು. ಆದರೆ ಅದು ಖಾಸಗಿಯವರ ಮಾತು. 1998ರ ಚಾಪ್‌ಮನ್ ಪ್ರಕರಣದಲ್ಲಿ 9ನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ, ಸರ್ಕಾರಕ್ಕೆ ಈ ಹಕ್ಕಿದೆ, ಆದರೆ ಮೊತ್ತ ನ್ಯಾಯಸಮ್ಮತವಾಗಿರಬೇಕು ಎಂದಿತು.

ನನ್ನ ಮಟ್ಟಿಗೆ ಇದು ಸರಿಯಾದ ನಿಲುವು. ಇಲ್ಲದಿದ್ದರೆ ಡ್ರಮ್ಮುಗಟ್ಟಲೆ ರಾಸಾಯನಿಕ ಬಿಟ್ಟುಹೋದವರು ವರ್ಷಗಟ್ಟಲೆ ಕೇಸು ಎಳೆದಾಡಿದರೂ ಅದರ ಬಿಲ್ಲು ತೆರಿಗೆ ಕಟ್ಟುವವರಿಗೇ ಬೀಳುತ್ತಿತ್ತು. ಹಾಗೆಂದು ಸರ್ಕಾರ ಬರೆದ ಮೊತ್ತವೆಲ್ಲ ತಾನಾಗಿ ಮಂಜೂರಾಗುವುದಿಲ್ಲ: ಯಾವ ಕೆಲಸಕ್ಕೆ ಎಷ್ಟು ಗಂಟೆ, ಯಾವ ದರ ಎಂಬ ದಾಖಲೆಯನ್ನು ಅದು ಕೋರ್ಟಿನ ಮುಂದಿಡಬೇಕಾಗುತ್ತದೆ.