ಹವಳದ ದಿಬ್ಬಕ್ಕೆ ಹಡಗು ಹತ್ತುವುದು ಹೇಗೆ? ತಿಪಟೂರಿನ ಓದುಗರೊಬ್ಬರಿಗೆ ಸಂಪಾದಕರ ಉತ್ತರ

ಮಾನ್ಯರೇ,

ಮೊಮ್ಮಗ ಮರ್ಚೆಂಟ್ ನೇವಿ ತರಬೇತಿಗೆ ಹೊರಟಿರುವುದನ್ನು ತಿಳಿಸಿ ಎರಡು ಪ್ರಶ್ನೆ ಕೇಳಿದ್ದೀರಿ. ಜಿಪಿಎಸ್, ರಡಾರ್ ಎಲ್ಲ ಇದ್ದೂ ಮಾರಿಷಸ್‌ನಲ್ಲಿ ಅಷ್ಟು ದೊಡ್ಡ ಹಡಗು ಹವಳದ ದಿಬ್ಬ ಹತ್ತಿದ್ದು ಹೇಗೆ? ಹತ್ತಿದ ಮೇಲೆ ಎಂಜಿನ್ ಹಿಂದಕ್ಕೆ ಓಡಿಸಿ ಇಳಿಸಬಹುದಿತ್ತಲ್ಲವೇ?

2020ರ ಜುಲೈ 25ರಂದು ಅಲ್ಲಿ ಸಿಕ್ಕಿಕೊಂಡ ವಕಾಶಿಯೊ ಸುಮಾರು 300 ಮೀಟರ್ ಉದ್ದದ ಹಡಗು. ಮೊದಲು ಹಾಕಿದ್ದ ದಾರಿ ದ್ವೀಪದಿಂದ 22 ನಾಟಿಕಲ್ ಮೈಲಿ ದೂರವಿತ್ತು. ಎರಡು ದಿನ ಮುಂಚೆ ಅದನ್ನು 5ಕ್ಕೆ ಇಳಿಸಿದರು. ಆ ದಿನ ಮೊಬೈಲ್ ಸಿಗ್ನಲ್ ಸಿಗಲೆಂದು 2 ಮೈಲಿಗೆ ತಂದರು. ದಡಕ್ಕೆ ಅಷ್ಟು ಹತ್ತಿರ ಹೋಗುವವರು ದೊಡ್ಡ ಅಳತೆಯ, ಅಂದರೆ ಸಣ್ಣ ಜಾಗವನ್ನು ವಿವರವಾಗಿ ತೋರಿಸುವ ನಕ್ಷೆ ನೋಡಲೇಬೇಕು, ಇವರು ನೋಡಲಿಲ್ಲ. ನಿಮ್ಮ ತೋಟದ ಹದ್ದುಬಸ್ತಿಗೆ ಬಂದ ಸರ್ವೆಯರು ಟಿಪ್ಪಣಿ ಬಿಚ್ಚುತ್ತಾರೆಯೇ ಹೊರತು ಗೋಡೆಯ ಮೇಲಿನ ತುಮಕೂರು ಜಿಲ್ಲಾ ನಕ್ಷೆ ನೋಡಿ ಕಲ್ಲು ನೆಡುವುದಿಲ್ಲ. ಕಣ್ಣಿನ ಕಾವಲೂ ರಡಾರ್ ಕಾವಲೂ ಸಡಿಲವಾಗಿದ್ದವು. ಬಿರುಗಾಳಿಯ ಮೇಲೆ ಹೊರಿಸುವಂಥದ್ದು ಇಲ್ಲಿ ಏನೂ ಇಲ್ಲ.

ಈಗ ನಕ್ಷೆ ಪರದೆಯ ಮೇಲಿರುತ್ತದೆ, ಎಕ್ಡಿಸ್ ಎನ್ನುತ್ತಾರೆ. ಅದರಲ್ಲಿ ಸುರಕ್ಷಿತ ಆಳದ ಗೆರೆಯನ್ನು ಅಧಿಕಾರಿಯೇ ಗೊತ್ತುಮಾಡಬೇಕು: ಹಡಗು ಮುಳುಗಿರುವ ಆಳ, ವೇಗದಿಂದ ಇನ್ನಷ್ಟು ತಗ್ಗುವ ಅಳತೆ, ಅದರ ಮೇಲೆ ತಳದಡಿ ಉಳಿಯಬೇಕಾದ ನೀರು. 13 ಮೀಟರ್ ಎಂದು ಕೊಟ್ಟು, ನಕ್ಷೆಯಲ್ಲಿ 10 ಮತ್ತು 20ರ ಗೆರೆಗಳಷ್ಟೇ ಇದ್ದರೆ ಯಂತ್ರ 20ನ್ನು ಹಿಡಿಯುತ್ತದೆ. ಆಗ ಆ ಗೆರೆ ಸಮೀಪಿಸಿದಾಗೆಲ್ಲ ಎಚ್ಚರಿಕೆ ಪದೇ ಪದೇ ಕೂಗುತ್ತದೆ, ಬೇಸತ್ತವರು ಅದರ ಬಾಯಿ ಮುಚ್ಚಿಸುತ್ತಾರೆ. ಪರದೆಯ ಮೇಲಿನ ನಕ್ಷೆಯನ್ನು ಚಿಕ್ಕದು ಮಾಡಿ ಇಟ್ಟರೆ ಸಣ್ಣ ದಿಬ್ಬಗಳ ಗುರುತೇ ಮಾಯವಾಗುತ್ತದೆ. ಆಳ ಅಳೆಯುವ ಎಕೋ ಸೌಂಡರ್ ಕೂಡ ಹವಳದ ಹತ್ತಿರ ತಡವಾಗಿ ಹೇಳುತ್ತದೆ, ಏಕೆಂದರೆ ದಿಬ್ಬ ಬಾವಿಯ ಗೋಡೆಯಂತೆ ನೆಟ್ಟಗೆ ಏಳುತ್ತದೆ. ಇನ್ನು ನಕ್ಷೆಯೇ ತಪ್ಪಿರಬಹುದು. 2013ರಲ್ಲಿ ಫಿಲಿಪ್ಪೀನ್ಸ್‌ನ ಟುಬ್ಬತಹಾ ದಿಬ್ಬಕ್ಕೆ ಅಮೆರಿಕ ನೌಕಾಪಡೆಯ ಗಾರ್ಡಿಯನ್ ಹತ್ತಿದಾಗ ಡಿಜಿಟಲ್ ನಕ್ಷೆಯಲ್ಲಿ ದಿಬ್ಬ ಸುಮಾರು 8 ಮೈಲಿ ಆಚೆಗಿತ್ತು.

ನನ್ನನ್ನು ಹೆಚ್ಚು ಕಾಡುವುದು ನಿದ್ದೆಯ ವಿಷಯ. 2010ರ ಏಪ್ರಿಲ್ 3ರಂದು ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಕಲ್ಲಿದ್ದಲು ತುಂಬಿದ ಶೆನ್ ನೆಂಗ್ 1 ಸಿಕ್ಕಿಕೊಂಡಾಗ, ಕಾವಲಿನಲ್ಲಿದ್ದ ಮುಖ್ಯ ಅಧಿಕಾರಿ ಹಿಂದಿನ 38.5 ಗಂಟೆಗಳಲ್ಲಿ ಮಲಗಿದ್ದು 2.5 ಗಂಟೆ. ದಾರಿ ಬದಲಾಗಿದ್ದನ್ನು ಜಿಪಿಎಸ್‌ಗೆ ತುಂಬಿರಲಿಲ್ಲ, ತಿರುವು ತಪ್ಪಿತು. 12 ನಾಟ್ ವೇಗದಲ್ಲಿ ಹಡಗು 5 ನಿಮಿಷಕ್ಕೊಂದು ನಾಟಿಕಲ್ ಮೈಲಿ ಓಡುತ್ತದೆ. ಅರ್ಧ ಗಂಟೆಗೊಮ್ಮೆ ಸ್ಥಾನ ಗುರುತಿಸುವವನು ನಡುವೆ 6 ಮೈಲಿ ಕುರುಡಾಗಿರುತ್ತಾನೆ.

ಎರಡನೆಯ ಪ್ರಶ್ನೆ. ಎಂಜಿನ್ ಹಿಂದಕ್ಕೆ ಓಡಿಸುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ, ಬಹಳ ಸಲ ಅದೇ ಕೆಡುಕು. ತಳ ಸೀಳಿದ್ದರೆ ಆ ದಿಬ್ಬವೇ ಹಡಗನ್ನು ಎತ್ತಿ ಹಿಡಿದಿರುತ್ತದೆ. ಆಳದ ನೀರಿಗೆ ಜಾರಿದರೆ ಮುಳುಗಬಹುದು. ಪ್ರೊಪೆಲರ್ ಎಬ್ಬಿಸುವ ಮರಳು ಸುತ್ತಲ ಹವಳವನ್ನು ಹೂಳುತ್ತದೆ. ಆದ್ದರಿಂದ ಎಂಜಿನ್ ನಿಲ್ಲಿಸಿ, ಸಹಾಯ ಕೇಂದ್ರಕ್ಕೆ ತಿಳಿಸಿ, ಪ್ರತಿ ಟ್ಯಾಂಕಿನ ಮಟ್ಟ ಅಳೆಯಬೇಕು. ಎಂಜಿನ್ ತಂಪಿಗೆ ನೀರೆಳೆಯುವುದನ್ನು ತಳದ ಬಾಯಿಂದ ಮೇಲಿನ ಬಾಯಿಗೆ ಬದಲಿಸಬೇಕು, ಇಲ್ಲವಾದರೆ ಮರಳು ಕಟ್ಟಿಕೊಂಡು ಜನರೇಟರ್ ನಿಲ್ಲುತ್ತದೆ. ಹಗ್ಗಕ್ಕೆ ಸೀಸದ ಗುಂಡು ಕಟ್ಟಿ ಹಡಗಿನ ಸುತ್ತ ಆಳ ನೋಡಬೇಕು. ಉಬ್ಬರದ ಹೊತ್ತು ಲೆಕ್ಕ ಹಾಕಬೇಕು. ಅಲೆ ಇನ್ನೂ ಮೇಲಕ್ಕೆ ತಳ್ಳುತ್ತಿದ್ದರೆ ತೂಕಕ್ಕೆಂದು ಟ್ಯಾಂಕುಗಳಿಗೆ ಬ್ಯಾಲಸ್ಟ್ ನೀರು ತುಂಬಿ ಭದ್ರವಾಗಿ ಕೂರಿಸಬೇಕು. ಸಿಕ್ಕಿಕೊಂಡಿದ್ದೇವೆಂದು ಬೇರೆ ಹಡಗುಗಳಿಗೆ ತಿಳಿಯಲು ಹಗಲು ಮೂರು ಕಪ್ಪು ಗೋಳ, ರಾತ್ರಿ ಲಂಗರಿನ ದೀಪದ ಜೊತೆ ಎರಡು ಕೆಂಪು ದೀಪ ತೋರಿಸಬೇಕು.

ಶೆನ್ ನೆಂಗ್ ತೇಲಿದ್ದು ಏಪ್ರಿಲ್ 12ರಂದು. ಅಷ್ಟರಲ್ಲಿ ಹಾಳಾದ ದಿಬ್ಬ ಸುಮಾರು 0.4 ಚದರ ಕಿಲೋಮೀಟರ್, ನಮ್ಮ ಲೆಕ್ಕದಲ್ಲಿ 100 ಎಕರೆ. ತೆಂಗಿನ ಸಸಿ ಏಳೆಂಟು ವರ್ಷಕ್ಕೆ ಫಲಕ್ಕೆ ಬರುತ್ತದೆ. ಗಟ್ಟಿ ಜಾತಿಯ ಹವಳ ವರ್ಷಕ್ಕೆ ಬೆಳೆಯುವುದು ಒಂದು ಸೆಂಟಿಮೀಟರ್ ಆಸುಪಾಸು. ಪುಡಿಯಾದ ಚೂರುಗಳು ಅಲೆಗೆ ಉರುಳುತ್ತಲೇ ಇರುವುದರಿಂದ ಹೊಸ ಮರಿಹವಳಕ್ಕೆ ನೆಲೆಯೂ ಸಿಗದು.

ಕೆಲಸ ಬೇಡವೆಂದು ಮೊಮ್ಮಗನನ್ನು ತಡೆಯಬೇಡಿ. 24 ಗಂಟೆಯಲ್ಲಿ 10, ವಾರದಲ್ಲಿ 77 ಗಂಟೆ ವಿಶ್ರಾಂತಿ ಅವನ ಹಕ್ಕು. ವಿಶ್ರಾಂತಿಯ ಹಾಳೆಗೆ ಸಹಿ ಕೇಳಿದಾಗ, ನಿಜವಾಗಿ ಸಿಕ್ಕ ಗಂಟೆಗಳನ್ನಷ್ಟೇ ಬರೆಯಲು ಹೇಳಿ ಕಳಿಸಿ.

– ಸಂಪಾದಕ