ಕಲ್ಲಿನೊಳಗಿನ ಮೀನು ಅಸಲಿಯೋ, ನಕಲಿಯೋ?

ಪ್ರಶ್ನೆ: ಅಮೆರಿಕದ ಗ್ರೀನ್ ರಿವರ್ ಕಲ್ಲಿನ ಮೀನಿನ ಪಳೆಯುಳಿಕೆ ಕೊಳ್ಳಬೇಕು ಅಂತಿದ್ದೇನೆ. ಒಂದು ಬೆರಳುದ್ದದ ಸಣ್ಣ ಮೀನು, ಇನ್ನೊಂದು ಹತ್ತಾರು ಮೀನುಗಳಿರುವ ದೊಡ್ಡ ಚಪ್ಪಡಿ. ಎರಡೂ 5 ಕೋಟಿ ವರ್ಷ ಹಳೆಯವಂತೆ. ನಂಬಬಹುದಾ? ಯಾವುದನ್ನು ತಗೊಳ್ಳಲಿ?

ಉತ್ತರ: ಸಣ್ಣದನ್ನೇ ತಗೊಳ್ಳಿ. ವಯಸ್ಸಿನ ಮಾತು ಸುಳ್ಳಲ್ಲ. ಗ್ರೀನ್ ರಿವರ್ ಕಲ್ಲು ಸಿಗುವ ವಯೋಮಿಂಗ್ ರಾಜ್ಯದ ಕೆಮ್ಮರರ್ ಊರಿನ ಹತ್ತಿರ ಸುಮಾರು 5.2 ಕೋಟಿ ವರ್ಷದ ಹಿಂದೆ ದೊಡ್ಡ ಸರೋವರ ಇತ್ತು. ಸತ್ತ ಮೀನು ತಳ ಸೇರುತ್ತಿತ್ತು, ನುಣುಪಾದ ಸುಣ್ಣದ ಕೆಸರು ಅದರ ಮೇಲೆ ಪದರ ಪದರವಾಗಿ ಕೂರುತ್ತಿತ್ತು, ತಳದಲ್ಲಿ ಅದನ್ನು ಕೆದಕಿ ಚೆಲ್ಲಾಡುವ ಜೀವಿಗಳೂ ಜಾಸ್ತಿ ಇರಲಿಲ್ಲ, ಹಾಗಾಗಿ ಸಣ್ಣ ಸಣ್ಣ ಮುಳ್ಳೂ ಇದ್ದಲ್ಲೇ ಉಳಿದಿದೆ.

ನಿಮ್ಮ ಸಣ್ಣ ಮೀನು ಬಹುಶಃ ನೈಟಿಯಾ ಎಂಬ ಜಾತಿಯದು. 1987ರಿಂದ ಅದು ವಯೋಮಿಂಗ್‌ನ ರಾಜ್ಯ ಪಳೆಯುಳಿಕೆ. ಅಸಲಿಯೇ ರಾಶಿ ರಾಶಿ ಸಿಗುವಾಗ ಅದನ್ನು ನಕಲಿ ಮಾಡುವ ಕಷ್ಟ ಯಾರಿಗೆ ಬೇಕು? ಆದರೆ ಬಾಲಕ್ಕೆ, ಈಜುರೆಕ್ಕೆಗೆ ಬಣ್ಣ ಹಚ್ಚಿರುವುದು ಉಂಟು. ಭೂತಕನ್ನಡಿ ಹಿಡಿದು ನೋಡಿ. ನಿಜವಾದ ಮೂಳೆಗೆ ಉಬ್ಬು ತಗ್ಗು ಇರುತ್ತದೆ, ಬೆನ್ನುಮೂಳೆಯ ಒಂದೊಂದು ಗಂಟೂ ಬಿಡಿಬಿಡಿಯಾಗಿ ಕಾಣುತ್ತದೆ, ಕಲ್ಲು ಎಲ್ಲಿ ಬಿರಿದಿದೆಯೋ ಅಲ್ಲಿ ಮುಳ್ಳೂ ಬಿರಿದಿರುತ್ತದೆ. ಕುಂಚದ ಗೆರೆ ಮಾತ್ರ ಬಿರುಕಿನ ಒಳಗೂ ಇಳಿದು ಸರಾಗ ಸಾಗುತ್ತದೆ! ಕತ್ತಲಲ್ಲಿ ನೇರಳಾತೀತ ಟಾರ್ಚ್ ಬಿಟ್ಟರೆ ಅಂಟು, ಬಣ್ಣ ಸುತ್ತಲಿನ ಕಲ್ಲಿಗಿಂತ ಬೇರೆಯಾಗಿ ಕಾಣುವುದುಂಟು.

ದೊಡ್ಡ ಚಪ್ಪಡಿಯಲ್ಲಿ ಎಚ್ಚರ ಜಾಸ್ತಿ ಬೇಕು. ಒಟ್ಟಿಗೆ ಸತ್ತ ಮೀನಿನ ಹಿಂಡು ಅಸಲಿಯಾಗಿಯೂ ಸಿಗುತ್ತದೆ, ಬೇರೆ ಬೇರೆ ಮೀನು ತಂದು ಕೂರಿಸಿದ್ದೂ ಸಿಗುತ್ತದೆ. ಒಂದೊಂದು ಮೀನಿನ ಸುತ್ತ ಕೂದಲೆಳೆಯಂಥ ಗೆರೆ ಇದೆಯಾ, ಅದರ ಆಚೀಚೆ ಕಲ್ಲಿನ ಬಣ್ಣ ಬದಲಾಗುತ್ತದಾ ನೋಡಿ. ಬಾಯಲ್ಲಿ ಇನ್ನೊಂದು ಮೀನು ಸಿಕ್ಕಿಕೊಂಡ ಮಿಯೊಪ್ಲೋಸಸ್ ಎಂಬ ಬೇಟೆಗಾರ ಮೀನುಗಳು ನಿಜಕ್ಕೂ ಸಿಕ್ಕಿವೆ, ನನಗಂತೂ ಅವನ್ನು ನೋಡಿದಾಗೆಲ್ಲ ಮೈ ಜುಂ ಅನ್ನುತ್ತದೆ. ಅದಕ್ಕೇ ಅಂಥದ್ದನ್ನು ಕೊಳ್ಳುವಾಗ ಎರಡು ಮೀನು ಸೇರುವ ಜಾಗವನ್ನು ಎರಡೆರಡು ಸಲ ನೋಡಬೇಕು. ಹಾಂ, ರಿಪೇರಿ ಮಾಡುವುದೇ ತಪ್ಪಲ್ಲ, ಮಾಡಿದ್ದನ್ನು ಮುಚ್ಚಿಡುವುದು ತಪ್ಪು.

ಯಾವ ಕ್ವಾರಿಯಿಂದ ಬಂತು ಅಂತ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಖಾಸಗಿ ಕ್ವಾರಿಯದಾದರೆ ತೊಂದರೆಯಿಲ್ಲ. ಪಕ್ಕದ ಫಾಸಿಲ್ ಬ್ಯೂಟ್ ಎಂಬ ಗುಡ್ಡದ ಜಾಗ 1972ರಿಂದ ರಾಷ್ಟ್ರೀಯ ಸ್ಮಾರಕ, ಅಲ್ಲಿಂದ ಒಂದು ಚೂರೂ ತರುವ ಹಾಗಿಲ್ಲ.

ಮನೆಗೆ ತಂದ ಮೇಲೆ ನೀರಲ್ಲಿ ತೊಳೆಯಬೇಡಿ, ಪದರ ಬಿಟ್ಟುಕೊಳ್ಳಬಹುದು. ಧೂಳು ಕೂತರೆ ಮೆತ್ತನೆಯ ಒಣ ಬ್ರಷ್ ಸಾಕು.